ಹೊಗೆಯಿಲ್ಲದ ಬೆಂಕಿ

ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ನಮ್ಮ ತರ್ಕಶಾಸ್ತ್ರದ ಹಳೆಯ ದೃಷ್ಟಾಂತ. ಹೊಗೆಯೇ ಇಲ್ಲದ ಬೆಂಕಿಯೊಂದು ಈಗ ಶೀತದೇಶಗಳ ನಡುಮನೆಗೆ ಬಂದಿದೆ. ಕಬ್ಬು, ಮೆಕ್ಕೆಜೋಳಗಳಿಂದ ತೆಗೆದ ಎಥನಾಲನ್ನು ಉರಿಸುವ ಅಗ್ಗಿಷ್ಟಿಕೆ ಅದು. ಚಿಮಣಿ ಬೇಡ, ಬೂದಿಯಿಲ್ಲ. ಇಷ್ಟನ್ನು ಮಾರುವವರೇ ಹೇಳುತ್ತಾರೆ. ಉಳಿದುದನ್ನು ನಾನು ಹೇಳಬಯಸುತ್ತೇನೆ.

ಹೊಗೆಯಿಲ್ಲವೆಂದ ಮಾತ್ರಕ್ಕೆ ಗಾಳಿ ಬೇಡವೆಂದಲ್ಲ. ಈ ಉರಿಯೂ ಕೋಣೆಯ ಆಮ್ಲಜನಕವನ್ನು ಉಂಡು ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಬಿಡುತ್ತದೆ. ಕಿಟಕಿಯೊಂದು ತುಸು ತೆರೆದಿರಬೇಕು. ಮಲಗುವ ಮುನ್ನ ಉರಿ ಆರಿರಬೇಕು. ಒಲೆಯನ್ನು ಸಮತಟ್ಟಾದ, ಕದಲದ ನೆಲೆಯಲ್ಲಿ, ಪರದೆ ಪುಸ್ತಕಗಳಿಂದ ದೂರವಾಗಿ ಕೂರಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇಂಧನ ತುಂಬುವ ಗಳಿಗೆಯದು. ಶುದ್ಧ ಎಥನಾಲಿನ ಆವಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಕುಗ್ಗಿದ ಅದರ ತೆಳುನೀಲಿ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ನಂದಿತೆಂದು ತಿಳಿದು ಸುರಿದರೆ ಉರಿ ಡಬ್ಬಿಯೊಳಗಣ ಆವಿಗೆ ತಗುಲಿ, ಎದುರು ಕುಳಿತವರ ಮೇಲೆ ಚಿಮ್ಮೀತು. ಆಸ್ಟ್ರೇಲಿಯದಲ್ಲಿ ಇಂಥ ಸುಟ್ಟಗಾಯಗಳು ಮರುಕಳಿಸಿದ ಮೇಲೆ 2017ರಲ್ಲಿ ಕಡ್ಡಾಯ ನಿಯಮ ಬಂತು: ಗೋಡೆಗಾಗಲಿ ನೆಲಕ್ಕಾಗಲಿ ಬಿಗಿಯದ ಒಲೆಯ ತೂಕ 8 ಕಿಲೋಗ್ರಾಂಗೂ, ತಳದ ವಿಸ್ತಾರ 900 ಚದರ ಸೆಂಟಿಮೀಟರಿಗೂ ಕಡಿಮೆಯಿರಕೂಡದು.

ನಿಯಮ ಒಲೆಯನ್ನು ತಿದ್ದೀತು. ಸುರಿಯುವ ಕೈಯನ್ನು ನಾವೇ ತಡೆಯಬೇಕು. ಉರಿ ಆರಿ ಲೋಹವೆಲ್ಲ ತಣಿಯುವವರೆಗೆ ಡಬ್ಬಿಯ ಮುಚ್ಚಳ ತೆಗೆಯಬಾರದು. ತಾರ್ಕಿಕನು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದ. ಇಲ್ಲಿ ಏನೂ ಕಾಣದಿದ್ದಾಗಲೂ ಬೆಂಕಿಯುಂಟೆಂದೇ ಊಹಿಸುವುದು ಕ್ಷೇಮ.