ಹುಲ್ಲಿಗೂ ಒಂದು ಹೆಸರು ಬೇಕು

ಸ್ವಿಟ್ಜರ್ಲೆಂಡ್ ಎಂದ ಕೂಡಲೇ ನಮಗೆ ನೆನಪಾಗುವುದು ಸಿನಿಮಾ ಹಾಡುಗಳಲ್ಲಿ ಕಂಡ ಹಸಿರು ಇಳಿಜಾರು, ಹಿಮದ ಶಿಖರ. ಅದೇ ಆಲ್ಪ್ಸ್ ಪರ್ವತಗಳ ನಡುವೆ ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುವ ಒಣ ಕಣಿವೆಗಳೂ ಇವೆ. ರೋನ್ ನದಿ ಹರಿಯುವ ವಲೈ ಅಂಥದೊಂದು ಕಣಿವೆ. ಎರಡೂ ಕಡೆಯ ಬೆಟ್ಟಸಾಲು ಮಳೆಮೋಡಗಳನ್ನು ತಡೆಯುತ್ತವೆ. ಅಲ್ಲಿನ ಸಿಯೋನ್ ಪಟ್ಟಣಕ್ಕೆ ವರ್ಷಕ್ಕೆ ಸಿಗುವುದು ಸುಮಾರು 600 ಮಿಲಿಮೀಟರ್ ಮಳೆ, ದೆಹಲಿಗಿಂತಲೂ ಕಡಿಮೆ! ಸಹ್ಯಾದ್ರಿಯ ಮಳೆನೆರಳನ್ನು ಬಲ್ಲ ಪುಣೆಯ ಕೇಳುಗರಿಗೆ ಇದು ಸುಲಭವಾಗಿ ಅರ್ಥವಾದೀತು.

ಆ ಬಿಸಿಲ ಇಳಿಜಾರುಗಳಲ್ಲಿ ಗರಿಯಂಥ ಬಾಲವಿರುವ ಸ್ಟೈಪಾ ಹುಲ್ಲು ಗಾಳಿಗೆ ತೂಗುತ್ತದೆ. ಜೊತೆಗೆ ನೂಲಿನಂಥ ಎಲೆಯ ಫೆಸ್ಟುಕಾ ವಲೇಸಿಯಾಕಾ. ಹೆಸರು ವಲೈ ಕಣಿವೆಯದಾದರೂ ಈ ಹುಲ್ಲು ಬಹುದೂರದ ಮಧ್ಯ ಏಷ್ಯಾದ ಬಯಲುಗಳಲ್ಲೂ ಬೆಳೆಯುತ್ತದೆ.

ಇಂಥ ಹುಲ್ಲುಗಾವಲನ್ನು ವಿಂಗಡಿಸುವುದು ಹೇಗೆ? 1884ರಲ್ಲಿ ಹುಟ್ಟಿದ ಸ್ವಿಸ್ ಸಸ್ಯವಿಜ್ಞಾನಿ ಬ್ರಾನ್-ಬ್ಲಾಂಕೆ ಒಂದು ಸರಳ ದಾರಿ ತೋರಿದರು. ನೆಲದ ಒಂದು ತುಂಡನ್ನು ಗುರುತಿಸಿ, ಅಲ್ಲಿನ ಪ್ರತಿ ಗಿಡವನ್ನೂ ಪಟ್ಟಿ ಮಾಡಿ, ಅದು ಎಷ್ಟು ಜಾಗ ಹರಡಿದೆಯೆಂದು ಅಂಕಿ ಕೊಡುವುದು. ಮುಕ್ಕಾಲು ಪಾಲಿಗಿಂತ ಹೆಚ್ಚು ಹರಡಿದ್ದರೆ 5. ನೂರಾರು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಗಿಡಗಳು ಸದಾ ಒಟ್ಟಿಗೆ ಬಾಳುತ್ತವೆ ಎಂಬುದು ಕಾಣುತ್ತದೆ. ಅಂಥ ಕೂಟಕ್ಕೊಂದು ಹೆಸರು. ಆಲ್ಪ್ಸ್‌ನ ಒಣ ಕಣಿವೆಗಳ ಸಸ್ಯಗಳ ಬಗೆಗಿನ ಅವರ ಪುಸ್ತಕ 1961ರಲ್ಲಿ ಬಂತು.

ಬರಿಯ ಹುಲ್ಲಲ್ಲವೇ ಎನ್ನಬೇಡಿ. ರುಮೇನಿಯಾದ ಒಂದು ಅರೆ-ಒಣ ಹುಲ್ಲುಗಾವಲಿನಲ್ಲಿ ಕೇವಲ 10 ಚದರ ಮೀಟರ್ ಜಾಗದಲ್ಲಿ 98 ಜಾತಿಯ ಸಸ್ಯಗಳು ಸಿಕ್ಕಿದ್ದು, 2012ರಲ್ಲಿ ಪ್ರಕಟವಾದ ವಿಶ್ವದಾಖಲೆಗಳ ಪಟ್ಟಿಯಲ್ಲಿದೆ. ಮುಂಬಯಿಯ ಒಂದು ಪುಟ್ಟ ಕೋಣೆಯಷ್ಟು ಜಾಗ ಅದು!

ಆದರೆ 1900ರಿಂದೀಚೆಗೆ ಸ್ವಿಟ್ಜರ್ಲೆಂಡ್ ತನ್ನ ಒಣ ಹುಲ್ಲುಗಾವಲಿನ ಸುಮಾರು ಶೇಕಡಾ 95ನ್ನು ಕಳೆದುಕೊಂಡಿದೆ. ಗೊಬ್ಬರ, ನೀರು ಹೆಚ್ಚಾದ ಕಡೆ ಕೆಲವೇ ಬಲಿಷ್ಠ ಹುಲ್ಲುಗಳು ಉಳಿದವು. ದನಕುರಿ ಮೇಯುವುದು, ಹುಲ್ಲು ಕೊಯ್ಯುವುದು ನಿಂತ ಕಡೆ ಪೊದೆ ಮುಚ್ಚಿತು. ಉಳಿದದ್ದನ್ನು ಗುರುತಿಸಿ, ಪಟ್ಟಿ ಮಾಡಿ, 2010ರಲ್ಲಿ ಕಾನೂನಿನ ರಕ್ಷಣೆ ಕೊಟ್ಟರು. ವಿಂಗಡಣೆ ಕೈಗೆ ಬಂದದ್ದು ಅಲ್ಲೇ. ಹೆಸರಿಲ್ಲದ್ದನ್ನು ಉಳಿಸಿ ಎಂದು ಕೇಳುವುದಾದರೂ ಹೇಗೆ?

ನಮ್ಮಲ್ಲೂ ಎಷ್ಟೋ ಹುಲ್ಲುಗಾವಲುಗಳು ಕಡತಗಳಲ್ಲಿ ‘ಪಾಳುಭೂಮಿ’ ಎನಿಸಿಕೊಂಡಿವೆ. ಮುಂದಿನ ಸಲ ರೈಲಿನ ಕಿಟಕಿಯಾಚೆ ಅಂಥ ಬಯಲು ಕಂಡರೆ, ಅಲ್ಲಿ ಏನೇನಿದೆ ಎಂದು ಒಮ್ಮೆ ಯೋಚಿಸಿ ನೋಡಿ.