ಹಳೆಯ ಕಡತಗಳಿಗೆ ಹೊಸ ಯಂತ್ರದಲ್ಲಿ ಜಾಗ



ನಮ್ಮ ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಪತ್ತೆ ಮಾಡಿದರು. ವಿದ್ವಾಂಸರು ಅದನ್ನು ಓದಿದರು. ಏಕೆಂದರೆ ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಬಿಡಿಸಿದ್ದರು. ಅಕ್ಷರ ಉಳಿದರೆ ಸಾಲದು, ಓದುವ ಸಾಧನವೂ ಉಳಿಯಬೇಕು.

ನಮ್ಮ ಕಂಪ್ಯೂಟರ್ ಕಡತಗಳಿಗೂ ಈ ಮಾತು ಅನ್ವಯಿಸುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಎರಡು ಭಾಷೆಗಳಲ್ಲಿ ಪಾಠ ಮಾಡುವ ನಮ್ಮಂಥವರ ಹಳೆಯ ಸಿ.ಡಿ.ಗಳಲ್ಲಿ ಪ್ರಶ್ನೆಪತ್ರಿಕೆ, ಮಕ್ಕಳ ಬರಹ, ಸ್ಮರಣ ಸಂಚಿಕೆಗಳಿವೆ. ಉರ್ದುವಿನದು ಇನ್‌ಪೇಜ್‌ನಲ್ಲಿ, ಕನ್ನಡದ್ದು ನುಡಿ ಅಥವಾ ಬರಹದಲ್ಲಿ. ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್‌ನವರ ಇನ್‌ಪೇಜ್ 1994ರಲ್ಲಿ ಬಂತು. ಅದರ ನೂರಿ ನಸ್ತಾಲೀಖ್ ಅಕ್ಷರಗಳು ಮಿರ್ಜಾ ಅಹ್ಮದ್ ಜಮೀಲ್ ಅವರ ಕೈಬರಹದ ಫಲ. ಇವೆಲ್ಲ ಹಳೆಯ ವಿಂಡೋಸ್‌ಗಾಗಿ ತಯಾರಾದವು. ಹೊಸ ಯಂತ್ರದಲ್ಲಿ ಕೆಲವು ಮೊಂಡು ಹಿಡಿಯುತ್ತವೆ. 16 ಬಿಟ್ ತಂತ್ರಾಂಶವಂತೂ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ.

ಇದಕ್ಕೊಂದು ಉಪಾಯವಿದೆ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಿಕೊಡುತ್ತದೆ. ದೊಡ್ಡ ಮನೆಯಲ್ಲಿ ಅಜ್ಜನಿಗೊಂದು ಕೋಣೆ ಇದ್ದಂತೆ. ನಿಮ್ಮಲ್ಲಿರುವ ಅಸಲಿ ವಿಂಡೋಸ್ ಎಕ್ಸ್‌ಪಿ ಸಿ.ಡಿ.ಯನ್ನು ಅದರಲ್ಲಿ ಅಳವಡಿಸಬಹುದು. 512 ಎಂ.ಬಿ. ಮೆಮೊರಿ ಸಾಕು.

ತೊಡಕು ಬಂದರೆ ಹೆದರಬೇಡಿ, ಒಂದೊಂದಾಗಿ ನೋಡಿ.

ಯಂತ್ರ ಪ್ರಾರಂಭವೇ ಆಗದಿದ್ದರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಚಾಲೂ ಇದೆಯೇ ಪರೀಕ್ಷಿಸಿ. 2019ರ 6.1 ಆವೃತ್ತಿಯಿಂದ ಅದು ಕಡ್ಡಾಯ.

ಹಾರ್ಡ್ ಡಿಸ್ಕ್ ಕಾಣದಿದ್ದರೆ, ಅಥವಾ 7ಬಿ ಎಂದು ಕೊನೆಯಾಗುವ ಸಂಖ್ಯೆಯೊಡನೆ ನೀಲಿ ಪರದೆ ಬಂದರೆ, ಡಿಸ್ಕನ್ನು ಸಾಟಾ ಬದಲು ಐಡಿಇ ನಿಯಂತ್ರಕಕ್ಕೆ ಜೋಡಿಸಿ. ಎಕ್ಸ್‌ಪಿಯಲ್ಲಿ ಸಾಟಾದ ಎಎಚ್‌ಸಿಐ ಚಾಲಕವಿಲ್ಲ.

ನೆಟ್‌ವರ್ಕ್ ಕಾರ್ಡ್ ಗುರುತಿಸದಿದ್ದರೆ ಇಂಟೆಲ್ ಪ್ರೊ 1000 ಟಿ ಸರ್ವರ್ ಆರಿಸಿ. ಆದರೆ ಕೆಲಸ ಮುಗಿದೊಡನೆ ಅದನ್ನು ಕಡಿದುಬಿಡಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ರಕ್ಷಣಾ ಬೆಂಬಲ ನಿಂತಿತು. ಇಂಟರ್‌ನೆಟ್‌ಗೆ ಬಿಟ್ಟರೆ ಬಾಗಿಲು ತೆರೆದಿಟ್ಟ ಮನೆಯಾದೀತು.

ಪರದೆ ಚಿಕ್ಕದಾಗಿದ್ದರೆ, ಕಡತ ಸಾಗಿಸಲು ಹಂಚಿಕೆಯ ಫೋಲ್ಡರ್ ಬೇಕಿದ್ದರೆ, ಗೆಸ್ಟ್ ಅಡಿಷನ್ಸ್ ಹಾಕಿ. ಮೌಸ್ ಒಳಗೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ.

ಪ್ರತಿ ಪ್ರಯೋಗಕ್ಕೂ ಮುನ್ನ ಸ್ನ್ಯಾಪ್‌ಶಾಟ್ ತೆಗೆದಿಡಿ. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು.

ಕಡತ ತೆರೆದರೆ ಅರ್ಧ ಕೆಲಸ ಆಯಿತು. ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಹಳೆಯ ಮುದ್ರಿತ ಪ್ರತಿಯೊಡನೆ ಒತ್ತಕ್ಷರ, ಅಂಕಿಗಳನ್ನು ತಾಳೆ ನೋಡಿ. ಆಗಷ್ಟೇ ಅದು ಮುಂದಿನವರ ಮೊಬೈಲಿನಲ್ಲೂ ಓದಲು ಬರುತ್ತದೆ.

ವಿದ್ಯಾರ್ಥಿಗಳೇ, ಈ ಕೆಲಸ ನಿಮ್ಮಿಂದ ಆಗಬೇಕು. ನಿಮ್ಮ ಹಿರಿಯರು ಬರೆದದ್ದು ಆ ಸಿ.ಡಿ.ಗಳಲ್ಲಿದೆ. ಸಿ.ಡಿ. ಹಾಳಾದರೆ ಯಾವ ಉಪಾಯವೂ ನಡೆಯದು. ಈ ರಜೆಯಲ್ಲೇ ಕಪಾಟು ತೆರೆಯಿರಿ, ಮೊದಲು ಪ್ರತಿ ಮಾಡಿಕೊಳ್ಳಿ.