ಗೃಹಯಂತ್ರಗಳು: ನಂಬಿಗೆಯೂ ಅಂಜಿಕೆಯೂ



ಶಾಸ್ತ್ರವಿಚಾರವನ್ನು ಕೇಳಲು ನೆರೆದ ಸಭೆಯಲ್ಲಿ ಅಡಿಗೆಮನೆಯ ಮಾತನ್ನೆತ್ತುವದು ಮೊದಲಿಗೆ ಅಲ್ಪವೆಂದು ತೋರಬಹುದು. ಆದರೆ ದಾಸೋಹವೆಂಬದು ಒಲೆಯ ಮುಂದೆಯೇ ಹುಟ್ಟತಕ್ಕದ್ದು. ಒಲೆಯ ಮುಂದೆ ನಿಂತವಳ ಜೀವವು ನಿರ್ಭಯವಾಗಿರದಿದ್ದರೆ ಪಂಕ್ತಿಯಲ್ಲಿ ಕುಳಿತವನಿಗೆ ಆ ಅನ್ನವು ಹೇಗೆ ಹಿತವಾದೀತು? ಆದಕಾರಣ ಮನೆಯೊಳಗಿನ ಯಂತ್ರಗಳನ್ನು ಜನರು ಎಷ್ಟು ಆಶ್ರಯಿಸಿರುವರು, ಎಷ್ಟು ಶಂಕಿಸುವರು, ಆ ಆಶ್ರಯವೂ ಶಂಕೆಯೂ ತಕ್ಕ ಸ್ಥಳದಲ್ಲಿವೆಯೋ ಇಲ್ಲವೋ ಎಂಬದೇ ಈ ಹೊತ್ತಿನ ವಿಚಾರವು.

ರಾಜೂರವು ಗಜೇಂದ್ರಗಡದ ನೆರೆಯ ಗ್ರಾಮ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ಹಗಲಿರುಳು ತಿರುಗುತ್ತಿರುವದನ್ನು ಈ ಸೀಮೆಯವರೆಲ್ಲರೂ ಬಲ್ಲರು. “ಗುಡ್ಡದ ಮ್ಯಾಲೆ ಗಾಳಿಗಿರಣಿ ತಿರಗತಾವ, ಮನಿಯಾಗ ದೀಪ ಯಾಕ ಹೋತು?” ಎಂದು ಹಿರಿಯರು ಕೇಳಿದರೆ ಅದು ಮೂಢಪ್ರಶ್ನೆಯಲ್ಲ. ಉತ್ತರವಿಷ್ಟೆ: ಗುಡ್ಡದ ಯಂತ್ರದಿಂದ ಊರಿನ ಮನೆಗೆ ನೇರವಾದ ತಂತಿಯಿಲ್ಲ. ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ದೊಡ್ಡ ಜಾಲವನ್ನು ಸೇರಿ, ಹತ್ತೂರ ಹಳ್ಳಗಳು ಕೂಡಿದ ಹೊಳೆಯಂತೆ ಎಲ್ಲರದೂ ಆಗುವದು. ಆ ಜಾಲದಲ್ಲಿ ಹುಟ್ಟುವ ಶಕ್ತಿಯೂ ವೆಚ್ಚವಾಗುವ ಶಕ್ತಿಯೂ ಕ್ಷಣಕ್ಷಣಕ್ಕೆ ಸಮನಾಗಿರಬೇಕು. ಊರಿನ ಸನಿಹದ ಕಂಬವೊಂದು ಬಿದ್ದರೆ, ಗುಡ್ಡದಲ್ಲಿ ಎಷ್ಟು ಗಾಳಿ ಬೀಸಿದರೂ, ಊರು ಕತ್ತಲೆಯಲ್ಲಿಯೇ ಇರುವದು.

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪಗಳು ಬೆಳಗಿದವು. ಹಳ್ಳಿಗಳು ಅನೇಕ ದಶಕಗಳವರೆಗೆ ಕಾದವು. ಬಡವರ ಗುಡಿಸಲಿಗೆ ಒಂದೇ ದೀಪವನ್ನು ಕೊಟ್ಟ ಭಾಗ್ಯಜ್ಯೋತಿಯ ಕಾಲವು ಕಳೆದು, 2023ರಲ್ಲಿ ಗೃಹಜ್ಯೋತಿ ಯೋಜನೆಯು ಬಂದು, ತಿಂಗಳಿಗೆ 200 ಯೂನಿಟ್ಟುಗಳೊಳಗೆ ಬಳಸುವ ಮನೆಗಳಿಗೆ ನಿಯಮಾನುಸಾರ ಬಿಲ್ಲಿಲ್ಲದಂತಾಯಿತು. ದೀಪದ ಬೆನ್ನ ಹಿಂದೆ ಗಿರಣಿ, ಮಿಕ್ಸರು, ಮೋಟಾರು, ನೀರು ಕಾಯಿಸುವ ಸುರುಳಿ ಇವೆಲ್ಲ ಒಳಹೊಕ್ಕವು. ಬೀಸುವ ಕಲ್ಲು ಹಿತ್ತಲು ಸೇರಿತು. ಹಿಂದೆ ಬೆಳಗಿನ ಜಾವದಲ್ಲಿ ಹಾಡುತ್ತ ಬೀಸಿದ ಕೈಗೆ ಆ ಕಷ್ಟದಿಂದ ಬಿಡುಗಡೆಯಾದದ್ದು ಸಣ್ಣ ಉಪಕಾರವಲ್ಲ. ಹಾಡು ಹೋಯಿತೆಂದು ಮರುಗುವವರು ರಟ್ಟೆಯ ನೋವನ್ನೂ ನೆನೆಯಬೇಕು. ಆದರೆ ಕರೆಂಟು ಹೋದ ದಿನ ಹಿಟ್ಟಿಲ್ಲ, ನೀರಿಲ್ಲ, ರೊಟ್ಟಿಯಿಲ್ಲ ಎಂಬ ಸ್ಥಿತಿಯೂ ಅದರೊಡನೆಯೇ ಬಂದಿತು.

ಇನ್ನು ಒಂದು ಮನೆಯನ್ನು ಮನಸ್ಸಿನ ಮುಂದೆ ತಂದುಕೊಳ್ಳಬಹುದು. ಅತ್ತೆ ಎಪ್ಪತ್ತು ವರ್ಷದವಳು. ಸೊಸೆ ಓದುಬರಹ ಬಲ್ಲವಳು. ಕುಕ್ಕರು ಸೀಟಿ ಹಾಕಿದೊಡನೆ ಅತ್ತೆಯು ಪಡಸಾಲೆಗೆ ಸರಿದು, “ಯವ್ವಾ, ಇಳಸ ಅದನ್ನ, ಸಿಡದೀತು” ಎನ್ನುವಳು. “ಏನೂ ಆಗೂದಿಲ್ಲರಿ ಅತ್ತಿ” ಎಂದು ಸೊಸೆ ನಗುವಳು. ಇಬ್ಬರ ಮಾತೂ ಅರೆಸತ್ಯವು. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಅಂಶಗಳಲ್ಲಿ ಕುದಿಯುವದು. ಮುಚ್ಚಿದ ಕುಕ್ಕರಿನಲ್ಲಿ ಆವಿಯ ಒತ್ತಡದಿಂದ ಅದು ಸುಮಾರು 120 ಅಂಶಗಳಿಗೇರುವದು, ಬೇಳೆಯು ಬೇಗ ಬೇಯುವದು. ಒತ್ತಡವು ಮಿತಿಗೆ ಬಂದಾಗ ತೂಕದ ಗುಂಡು ಮೇಲೆದ್ದು ಆವಿಯನ್ನು ಹೊರಗೆ ಬಿಡುವ ಶಬ್ದವೇ ಸೀಟಿ. ಅಂದಮೇಲೆ ಸೀಟಿಯು ಕ್ಷೇಮದ ಕೂಗು. ಅಂಜಬೇಕಾದದ್ದು, ಉರಿ ಜೋರಾಗಿದ್ದು ಬಹಳ ಹೊತ್ತಾದರೂ ಸೀಟಿ ಬಾರದಿದ್ದಾಗ. ಬೇಳೆಯ ನೊರೆ ಸಿಕ್ಕು ಆವಿಯ ದಾರಿ ಕಟ್ಟಿರಬಹುದು. ಆಗ ಒಲೆಯನ್ನಾರಿಸಿ, ತಾನಾಗಿ ತಣಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು. ಬೇಳೆಯಿಟ್ಟಾಗ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬದಿರುವದೂ, ಆವಿಯ ರಂಧ್ರವನ್ನು ದಿನಾಲು ಬೆಳಕಿಗೆ ಹಿಡಿದು ನೋಡುವದೂ ಅಗತ್ಯವು.

ಗ್ಯಾಸಿನ ವಿಷಯವೂ ಇಂಥದೇ. ಅದರ ದುರ್ಗಂಧವನ್ನು ಜನರು ಹೇಸುವರು. ವಸ್ತುತಃ ಆ ಅನಿಲಕ್ಕೆ ಸ್ವಂತದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದ್ದು ತಿಳಿಯಲೆಂದೇ ಮರ್ಕಾಪ್ಟನ್ ಎಂಬ ನಾರುವ ದ್ರವ್ಯವನ್ನು ಬೇಕೆಂತಲೇ ಕೂಡಿಸಿರುವರು. ಈ ಅನಿಲವು ಗಾಳಿಗಿಂತ ಭಾರವಾದದ್ದರಿಂದ ನೆಲದ ಮೇಲೆ ಹರಡಿ ನಿಲ್ಲುವದು. ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರನ್ನು ಮುಚ್ಚಿ ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಬರಬೇಕು. ಕುಳ್ಳು ಕಟ್ಟಿಗೆಗಳ ಹೊಗೆಯಲ್ಲಿ ಕಣ್ಣೂ ಎದೆಯೂ ಬೆಂದ ತಾಯಂದಿರಿಗೆ ಗ್ಯಾಸು ವರವೇ ಸರಿ. ಆದರೆ ಅದರ ಗುಣವನ್ನರಿತವರಿಗೆ ಮಾತ್ರ ವರವು.

ಮೂರನೆಯದು ವಿದ್ಯುತ್ತಿನ ಮೂರು ಮುಳ್ಳಿನ ಪಿನ್ನು. ಮೇಲಿನ ದಪ್ಪ ಮುಳ್ಳು ಅಡ್ಡವಾಗುತ್ತದೆಂದು ಅದನ್ನು ಮುರಿದೋ, ಬರಿಯ ತಂತಿಯ ತುದಿಗಳನ್ನು ಗೂಡಿನಲ್ಲಿ ತುರುಕಿಯೋ ಕೆಲಸ ಸಾಗಿಸುವವರುಂಟು. ಆ ಮುಳ್ಳು ಉದ್ದವಾಗಿರುವದು ಇತರ ಎರಡಕ್ಕಿಂತ ಮೊದಲು ಅದು ಭೂಮಿಯ ಸಂಬಂಧವನ್ನು ಹೊಂದಲೆಂದು. ಒಳಗೆ ತಂತಿ ಸಡಿಲಿ ಲೋಹದ ಮೈಗೆ ತಗಲಿದರೆ, ಹರಿವು ಮನುಷ್ಯನ ಮೈಯನ್ನು ಬಿಟ್ಟು ಆ ದಾರಿಯಿಂದ ಭೂಮಿಗಿಳಿಯುವದು. ಅದನ್ನು ಮುರಿದ ಯಂತ್ರವು ಎಂದಿನಂತೆಯೇ ಓಡುವದು. ಕೊರತೆಯು ತೋರುವದು ಅವಘಡದ ದಿನವೇ.

ಇಲ್ಲಿಗೆ ಒಂದು ತತ್ತ್ವವು ಹೊಳೆಯುವದು. ಜನರು ಕೂಗುವದನ್ನು ಅಂಜುವರು, ಮೌನವಾಗಿರುವದನ್ನು ನಂಬುವರು. ಆದರೆ ಕೂಗುವದು ಪ್ರಾಯಶಃ ಎಚ್ಚರಿಕೆಯು. ಕೇಡು ಮೌನದಲ್ಲಿಯೇ ಬರುವದು. ಇದಕ್ಕೆ ಕುಡಿಯುವ ನೀರಿಗಿಂತ ದೊಡ್ಡ ನಿದರ್ಶನವಿಲ್ಲ.

ಗದಗ ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡೆಂಬ ಲವಣವು ಮಿತಿಮೀರಿರುವದು ಪ್ರಸಿದ್ಧವು. ಭರತಖಂಡದಲ್ಲಿ ಈ ಬಾಧೆಯು 1937ರಲ್ಲಿ, ಆಗಿನ ಮದ್ರಾಸ ಪ್ರಾಂತದ ನೆಲ್ಲೂರ ಸೀಮೆಯಲ್ಲಿ, ವೈದ್ಯರಿಂದ ವರ್ಣಿಸಲ್ಪಟ್ಟಿತು. ಒಂದು ಲೀಟರಿನಲ್ಲಿ 1 ಮಿಲಿಗ್ರಾಮಿನವರೆಗೆ ಒಪ್ಪತಕ್ಕದ್ದು. ಬೇರೆ ನೀರು ಸಿಕ್ಕದಿದ್ದಾಗ 1.5ರವರೆಗೆ ಸಹಿಸತಕ್ಕದ್ದು ಎಂದು ಭಾರತೀಯ ಮಾನಕವು ಹೇಳುವದು. ಅದನ್ನು ಮೀರಿದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳ ಹಲ್ಲುಗಳಲ್ಲಿ ಬಿಳಿಯ ಮತ್ತು ಕಂದು ಕಲೆಗಳು ಬೀಳುವವು. ಬಹುವರ್ಷ ಹೆಚ್ಚಾಗಿ ಕುಡಿದವರ ಕೀಲುಗಳೂ ಬೆನ್ನೆಲುಬೂ ಬಿಗಿಯುವವು. ಒಮ್ಮೆ ಬಾಗಿದ ಎಲುಬನ್ನು ಮರಳಿ ಮೊದಲಿನಂತೆ ಮಾಡುವ ಔಷಧವಿಲ್ಲ. ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕಾಸಿದರೆ ಕ್ರಿಮಿಗಳು ಸಾಯುವವು. ಫ್ಲೋರೈಡು ಹೋಗದು, ನೀರು ಆವಿಯಾದಷ್ಟು ಅದು ಗಟ್ಟಿಯಾಗುವದು.

ಇದಕ್ಕಾಗಿ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಹುಟ್ಟಿದವು. ಮನೆಗಳಲ್ಲಿಯೂ ಶೋಧಕಯಂತ್ರಗಳು ಬಂದವು. ಸೂಕ್ಷ್ಮವಾದ ಪೊರೆಯೊಂದರ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿದರೆ ನೀರು ದಾಟುವದು, ಲವಣದ ಬಹುಭಾಗವು ಹಿಂದುಳಿಯುವದು. ಅತ್ತೆಯು ಇದನ್ನು ಶಂಕಿಸುವಳು: “ಮಷೀನಿನ ನೀರು ಸಪ್ಪಗ ಐತಿ, ಇದನ್ನ ಕುಡದ ಮ್ಯಾಲೆ ಮೊಣಕಾಲು ಹಿಡದಾವ.” ಮೊಣಕಾಲಿನ ನೋವಿಗೆ ಕಾರಣಗಳು ಹಲವು, ಆದರೆ ಒಂದು ವರ್ಷ ಕುಡಿದ ಹೊಸ ನೀರನ್ನು ದೂರಿ, ಐವತ್ತು ವರ್ಷ ಕುಡಿದ ಹಳೆಯ ನೀರನ್ನು ರುಚಿಯೆಂದು ಹೊಗಳುವದು ನ್ಯಾಯವಲ್ಲ. ಸೊಸೆಯಾದರೋ, “ಮಷೀನಿನ ನೀರಲ್ಲರಿ” ಎಂದು ನಿಶ್ಚಿಂತಳಾಗಿರುವಳು. ಅವಳದೂ ತಪ್ಪೇ. ಪೊರೆಯು ಸವೆದ ದಿನವೂ ನೀರು ಅಷ್ಟೇ ತಿಳಿಯಾಗಿ ಬರುವದು, ಯಂತ್ರವು ಅಷ್ಟೇ ಸದ್ದು ಮಾಡುವದು. ಕೆಟ್ಟಿತೆಂದು ಕೂಗಿ ಹೇಳುವ ಸೀಟಿ ಅಲ್ಲಿಲ್ಲ. ಶೋಧಕದಿಂದ ಹೊರಬೀಳುವ ಬೇರೆ ನೀರಿನಲ್ಲಿ ಲವಣವು ಇನ್ನೂ ಹೆಚ್ಚಾದ್ದರಿಂದ ಅದನ್ನು ದನಕರುಗಳಿಗೂ ಕುಡಿಸಲಾಗದು.

ಹಾಗಾದರೆ ಗತಿಯೇನು? ಪರೀಕ್ಷೆಯೊಂದೇ ಗತಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿಯೊಂದು ಗ್ರಾಮದ ಐವರು ಸ್ತ್ರೀಯರಿಗೆ ನೀರು ಪರೀಕ್ಷಿಸುವ ಶಿಕ್ಷಣವನ್ನು ಕೊಡಬೇಕೆಂದು ಗೊತ್ತುಪಡಿಸಿರುವರು. ಚಿಕ್ಕ ಪೆಟ್ಟಿಗೆಯ ದ್ರಾವಣವನ್ನು ನೀರಿಗೆ ಕೂಡಿಸಿ, ಬಂದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಫ್ಲೋರೈಡಿನ ಅಂದಾಜು ದೊರೆಯುವದು. ಆ ಐವರು ತಮ್ಮೂರಲ್ಲಿ ಯಾರು, ಕಡೆಯ ಸಲ ಪರೀಕ್ಷೆ ಎಂದಾಯಿತು, ಪೊರೆಯನ್ನು ಎಂದು ಬದಲಿಸಿದರು ಎಂದು ಪಂಚಾಯತಿಯಲ್ಲಿ ಕೇಳುವದು ಯಾವತ್ತು ಗೃಹಸ್ಥರ ಹಕ್ಕು. ಮಕ್ಕಳುಳ್ಳವರಿಗೆ ಕರ್ತವ್ಯವೂ ಹೌದು.

ಯಂತ್ರವನ್ನು ಕುರುಡಾಗಿ ನಂಬುವದೂ ಕುರುಡಾಗಿ ಅಂಜುವದೂ ಒಂದೇ ಅಜ್ಞಾನದ ಎರಡು ಮುಖಗಳು. ಮನೆಗೆ ಬಂದ ಪ್ರತಿಯೊಂದು ಯಂತ್ರದ ಮುಂದೆಯೂ ಮೂರು ಪ್ರಶ್ನೆಗಳನ್ನು ಇಡಬೇಕು: ಇದು ಕೆಟ್ಟರೆ ಹೇಗೆ ತಿಳಿಯುವದು? ಮನೆಯಲ್ಲಿ ಅದನ್ನು ಬಲ್ಲವರಾರು? ಇದಿಲ್ಲದ ದಿನ ಏನು ಮಾಡತಕ್ಕದ್ದು? ಮೊದಲೆರಡಕ್ಕೆ ಸೊಸೆಯು ಅತ್ತೆಗೆ ಕಲಿಸಬೇಕು. ಮೂರನೆಯದಕ್ಕೆ ಅತ್ತೆಯು ಸೊಸೆಗೆ ಕಲಿಸಬೇಕು. ಹಿತ್ತಲಿನ ಬೀಸುವ ಕಲ್ಲನ್ನು ತಿರುವುವ ಹದವು ಅವಳಿಗೆ ಮಾತ್ರ ಗೊತ್ತು. ಹೀಗೆ ಇಬ್ಬರೂ ಕಲಿತ ಮನೆಯಲ್ಲಿ ಕರೆಂಟು ಹೋದ ದಿನವೂ ಹಸಿದು ಬಂದವರಿಗೆ ರೊಟ್ಟಿಯುಂಟು.